ನೊಣದ ಹಿಕ್ಕೆ

ಅಪ್ಪಾ,

ನೀನು ದುರ್ಬೀನಿನಲ್ಲಿ ನೋಡಿ ಪೆನ್ಸಿಲಿನಲ್ಲಿ ಬಿಡಿಸುತ್ತಿದ್ದ ಸುರುಳಿ ಗೆಲಾಕ್ಸಿಯಲ್ಲಿ ಮತ್ತೊಂದು ನಕ್ಷತ್ರ ಸಿಡಿದಿದೆ. ಹಳೆಯ ಚಿತ್ರಗಳ ಜೊತೆ ಹೋಲಿಸಲೆಂದು ಇವತ್ತು ಬೆಳಿಗ್ಗೆ ನಿನ್ನ ಚಿತ್ರಗಳ ಪುಸ್ತಕವನ್ನು ಟುರ್ಕು ಊರಿನ ನಮ್ಮ ಖಗೋಳ ಸಂಘಕ್ಕೆ ಒಯ್ದೆ. ಏಲಕ್ಕಿ ಬನ್ನು ಮೆಲ್ಲುತ್ತಿದ್ದ ಮುದುಕ ಕೌಕೊ ಎಂಬತ್ತಮೂರನೇ ಇಸವಿಯ ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿದು ಕೇಳಿದ: "ಇಲ್ಲೊಂದು ಚುಕ್ಕಿ ಅಳಿಸಿದಾರೆ. ಯಾವ ಪುಣ್ಯಾತ್ಮರ ಕೆಲಸ ಇದು, ಐಲಾ?"

ನೀನು ಅದನ್ನು ಬಿಡಿಸಿದ ವಾರವೇ ಬೇರೆಯವರು ತೆಗೆದ ಫೋಟೊದಲ್ಲಿ, ಸರಿಯಾಗಿ ಆ ಜಾಗದಲ್ಲೇ, ಸಿಡಿದ ನಕ್ಷತ್ರವಿದೆ.

"ನೊಣ ಹಿಕ್ಕೆ ಹಾಕಿದೆ ಅಪ್ಪಾ" ಎಂದು ನಕ್ಕು ಆಗ ರಬ್ಬರು ಉಜ್ಜಿದವಳು ನಾನೇ. ನೀನು "ಇದ್ದರೂ ಇರಬಹುದು ಬಿಡು" ಎಂದಿದ್ದೆ.

ಸದ್ಯ, ನೀನು ಪೆನ್ಸಿಲನ್ನು ಒತ್ತಿ ಬರೆಯುತ್ತಿದ್ದೆ. ಸೀಸ ಹೋದರೂ ಗುಳಿ ಉಳಿದಿದೆ. ಆ ನಕ್ಷತ್ರ ಸಿಡಿದದ್ದನ್ನು ಕಂಡವರ ಪಟ್ಟಿಯಲ್ಲಿ ನಿನ್ನ ಹೆಸರನ್ನು ನಾನೇ ಬರೆದೆ, ಒತ್ತಿ.