ನಿನ್ನ ಕುಬಸ ತಡವಾದ ಕಾರಣ

ದೇವಣಗಾಂವ
೯–೩–೧೯೭೫, ರವಿವಾರ

ಮಗಳೇ ಹೊನ್ನವ್ವ, ನಿನ್ನ ಅವ್ವನ ಮನಸಾರೆ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯುವುದು ರೂಢಿ. ಈ ಸಲ ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ, ಸಿಟ್ಟಾಗಬೇಡ.

ಸಿಟ್ಟು ನಿನಗೆ ಈಗಾಗಲೇ ಬಂದಿದೆ, ಗೊತ್ತು. ನಿನ್ನ ಕಾಗದ ಗುರುವಾರ ಬಂತು. ಐದು ತಿಂಗಳು ತುಂಬಿದರೂ ತವರಿನವರು ಉಡಿ ತುಂಬುವ ಕುಬಸದ ಮಾತು ಎತ್ತಲಿಲ್ಲ ಎಂದು ನಾಲತವಾಡದ ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದಾರಂತೆ. ನಿನ್ನ ಅತ್ತೆ, "ಇರ್ಲಿ ಬಿಡವಾ, ನಿಮ್ಮವ್ವಗ ರಾಶಿ ಕೆಲಸ ಭಾಳ ಇರಬೇಕು" ಎಂದರಂತೆ. ಎಷ್ಟು ನಯವಾಗಿ ಚುಚ್ಚುತ್ತಾರೆ ನೋಡು! ಕೊನೆಗೆ ನೀನೂ ಒಂದು ಸಾಲು ಸೇರಿಸಿದ್ದೀ, ಅವ್ವಾ ನೀ ನನ್ನ ಮರ್ತಿ ಅಂತ. ಹುಚ್ಚಿ, ಚೊಚ್ಚಲ ಬಸುರಿ ಮಗಳನ್ನು ಯಾವ ತಾಯಿ ಮರೆಯುತ್ತಾಳೆ? ಹಸಿರು ಇಳಕಲ್ ಸೀರೆ ಸಂಕ್ರಾಂತಿಗೇ ತಂದು ಟ್ರಂಕಿನಲ್ಲಿ ಇಟ್ಟಿದ್ದೇನೆ. ನಿನ್ನ ತಂಗಿ ನೀಲಾ ದಿನಕ್ಕೊಮ್ಮೆ ಅದನ್ನು ತೆಗೆದು ನೋಡಿ ನನ್ನಿಂದ ಬೈಸಿಕೊಳ್ಳುತ್ತಾಳೆ.

ಕುಬಸ ತಡವಾದದ್ದಕ್ಕೆ ಕಾರಣ ಒಂದೇ. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ನಾನೂ ಬಸುರಾಗಿದ್ದೇನೆ.

ಇನ್ನೊಮ್ಮೆ ಓದಿಕೋ, ಆಮೇಲೆ ಮುಂದಿನದು ಓದು. ನಗು ಬಂದರೆ ನಕ್ಕುಬಿಡು. ನನಗೂ ಮೊದಲ ದಿನ ನಗುವೇ ಬಂದಿತ್ತು, ಆಮೇಲೆ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ. ಹೊಟ್ಟೆಯಲ್ಲಿ ಕೂಸಿದ್ದವಳು ಇನ್ನೊಬ್ಬ ಬಸುರಿಯ ಉಡಿ ತುಂಬಬಾರದು ಎಂಬುದು ನಮ್ಮ ಮನೆಯಲ್ಲಿ ಮೊದಲಿನಿಂದ ಬಂದದ್ದು. ಗೊತ್ತಿದ್ದೂ ಮಾಡಿ ನಾಳೆ ನಿನಗೆ ಏನಾದರೂ ಆದರೆ ನಾನು ಬದುಕಿರುತ್ತೇನೆಯೇ? ಬಾಯಿಬಿಟ್ಟು ಹೇಳೋಣವೆಂದರೆ, ಅಳಿಯ ಬಂದ ಮೇಲೆ ಹೊಟ್ಟೆ ಮುಂದೆ ಮಾಡಿಕೊಂಡು ಬೀಗರ ಎದುರು ಹೇಗೆ ನಿಲ್ಲಲಿ? ಹೀಗಾಗಿ ಸುಮ್ಮನೆ ದಿನ ದೂಡಿದೆ. ನಿನಗೆ ಅದು ಮರೆವಿನಂತೆ ಕಂಡಿತು.

ಇಷ್ಟು ದಿನ ತಿಳಿಯಲಿಲ್ಲವೇ ಎಂದು ಕೇಳುತ್ತೀ. ತಿಳಿಯಲಿಲ್ಲ. ನನ್ನ ಅವ್ವನಿಗೆ ನಲವತ್ತರೊಳಗೇ ಮುಟ್ಟು ನಿಂತಿತ್ತು. ನನಗೂ ಹೋದ ವರ್ಷದಿಂದ ಒಂದು ತಿಂಗಳು ಬಂದರೆ ಎರಡು ತಿಂಗಳು ಇಲ್ಲ. ದೀಪಾವಳಿಯಾದ ಮೇಲೆ ಬರಲೇ ಇಲ್ಲ. ಪೀಡೆ ಹೋಯಿತು ಎಂದು ಖುಷಿಯಿಂದ ನಿನ್ನ ಆಯಿಗೆ ಹೇಳಿದೆ. ಸೊಸೆಗಿಂತ ಅತ್ತೆಗೇ ಹೆಚ್ಚು ಖುಷಿ! ನಮ್ಮ ಮನೆಯಲ್ಲಿ ಎಲ್ಲವ್ವನ ಪಡ್ಡಲಗಿ ಬುಟ್ಟಿಗೆ ನೈವೇದ್ಯ ತುಂಬುವವಳು ಮುಟ್ಟು ನಿಂತವಳೇ ಆಗಬೇಕಲ್ಲ. ಆಯಿಗೆ ಬುಟ್ಟಿ ಎತ್ತಿ ಓಡಾಡಲು ಆಗದೆ ಎರಡು ವರ್ಷವಾಯಿತು. "ನಮ್ಮ ಸಿದ್ದಲಿಂಗಿ ಈಗ ಪಡ್ಡಲಗಿ ತುಂಬು ಹಂಗ ಆದಳವ್ವಾ, ನನ್ನ ಭಾರ ಇಳೀತು" ಎಂದು ಓಣಿಯಲ್ಲೆಲ್ಲ ಹೇಳಿ ಬಂದರು. ಬನದ ಹುಣ್ಣಿಮೆಗೆ ಐದು ಮಂದಿ ಮುತ್ತೈದೆಯರ ಎದುರು ಬುಟ್ಟಿ ನನ್ನ ಕೈಗೆ ಕೊಟ್ಟು, ನನ್ನ ಹಣೆ ತುಂಬ ಭಂಡಾರ ಹಚ್ಚಿದರು. ನಾನು ನಗುನಗುತ್ತ ಹೋಳಿಗೆ, ಕಡಬು, ಪುಂಡಿಪಲ್ಲೆ ಎಲ್ಲ ಇಟ್ಟು ಪಡ್ಡಲಗಿ ತುಂಬಿದೆ. ಆಗ ಅದು ಹೊಟ್ಟೆಯಲ್ಲಿ ಕುಳಿತಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಓಕರಿಕೆ ಶುರುವಾಯಿತು. ಪಿತ್ತ ಎಂದುಕೊಂಡೆ. ಒಂದು ಸಂಜೆ ನಿನ್ನ ಅಪ್ಪ ಹೊಲದಿಂದ ಸೀತನಿ ಸುಟ್ಟುಕೊಂಡು ತಂದರು. ಆ ಎಳೆ ಜೋಳದ ವಾಸನೆಗೆ ನನ್ನ ಬಾಯಲ್ಲಿ ನೀರು ಬಂದ ರೀತಿ ನೋಡಿ ಇದು ಪಿತ್ತವಲ್ಲ ಎಂದು ತಿಳಿಯಿತು. ನಿನ್ನನ್ನು ಹೊತ್ತಾಗಲೂ ನನಗೆ ಇದೇ ಬಯಕೆ. ಒಂದು ಕಾಳೂ ಬಾಯಿಗೆ ಹಾಕಲಿಲ್ಲ. ಎಲ್ಲವನ್ನೂ ನೀಲಾಗೆ ಮತ್ತು ಕಸ್ತೂರಿಗೆ ಕೊಟ್ಟು ಕೊಟ್ಟಿಗೆಗೆ ಹೋಗಿ ನಿಂತೆ. ಅದರ ಬಯಕೆ ತೀರಿಸಿದರೆ ಅದಕ್ಕೆ ಇಲ್ಲಿ ಇರುವ ಆಸೆ ಹುಟ್ಟುತ್ತದೆ ಎಂದು ನನಗೆ ಹೆದರಿಕೆ.

ನನಗೆ ಈ ಕೂಸು ಬೇಡ, ಹೊನ್ನವ್ವ. ಕಸ್ತೂರಿ ಹುಟ್ಟಿದಾಗ ನೀನು ಹನ್ನೆರಡರವಳು, ನಿನಗೆ ನೆನಪಿದೆ. ರಕ್ತ ನಿಲ್ಲದೆ ಚಕ್ಕಡಿಯಲ್ಲಿ ಹಾಕಿಕೊಂಡು ಸಿಂದಗಿಗೆ ಒಯ್ದರು. ನೀನು ಹಿಂದಿನಿಂದ ಊರ ಅಗಸೆಬಾಗಿಲವರೆಗೆ ಅಳುತ್ತ ಓಡಿ ಬಂದಿದ್ದೆ. ಇನ್ನೊಂದು ಹೆತ್ತರೆ ಜೀವ ಉಳಿಯುವುದಿಲ್ಲ ಎಂದು ಅಂದೇ ಡಾಕ್ಟರು ಹೇಳಿದ್ದರು. ನಾನು ಸತ್ತರೆ ಕಸ್ತೂರಿಯ ಜಡೆ ಯಾರು ಹಾಕಬೇಕು? ಬರುವ ಆಷಾಢದಲ್ಲಿ ನಿನ್ನ ಬಾಣಂತನ ಯಾರು ಮಾಡಬೇಕು? ಇದೆಲ್ಲ ನಿಜ. ಇನ್ನೊಂದು ನಿಜವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಾನು ದಣಿದಿದ್ದೇನೆ. ಹದಿನೆಂಟು ತುಂಬುವುದರೊಳಗೆ ಕೈಯಲ್ಲಿ ಕೂಸು ಬಂದಿತ್ತು. ಇನ್ನು ಎತ್ತಿಕೊಂಡರೆ ಮೊಮ್ಮಗುವನ್ನೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಕದ್ದು ಮುಚ್ಚಿ ನಾಟಿ ಔಷಧ ಮಾಡುತ್ತೇನೆಂದು ತಿಳಿಯಬೇಡ. ನಮ್ಮ ಕೆಳಗಿನ ಓಣಿಯ ಯಂಕಪ್ಪನ ಸೊಸೆ ಹಾಗೆ ಮಾಡಿಸಿಕೊಂಡು ಒಂದು ವಾರ ನರಳಿ ಸತ್ತದ್ದನ್ನು ನಾನು ಕಣ್ಣಾರೆ ಕಂಡವಳು. ಸಗೀರಾ ಗೊತ್ತಲ್ಲ, ನನ್ನ ಜೊತೆ ಮುಲ್ಕಿ ಪರೀಕ್ಷೆ ಪಾಸಾದವಳು, ಈಗ ಸಿಂದಗಿಯ ಉರ್ದು ಶಾಲೆಯಲ್ಲಿ ಕಲಿಸುತ್ತಾಳೆ. ಅವಳೊಬ್ಬಳಿಗೆ ಹೇಳಿದೆ. ಅವಳು ಕೈಹಿಡಿದು ಬಿಜಾಪುರಕ್ಕೆ ಕರೆದೊಯ್ದು ಒಬ್ಬ ಡಾಕ್ಟರಬಾಯಿಗೆ ತೋರಿಸಿದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕಳ್ಳಿಯಂತೆ ಕೂತಿದ್ದೆ. ಆಕೆ, "ಮುಖಾ ತಗೀರಿ ಅವ್ವಾರ, ಇದಕ್ಕೀಗ ಕಾಯ್ದೆ ಆಗೇತಿ, ನೀವೇನು ಕಳವು ಮಾಡಾಕತ್ತಿಲ್ಲ" ಎಂದರು. ಹೊಟ್ಟೆ ಮುಟ್ಟಿ ನೋಡಿ, ಮೂರು ತಿಂಗಳ ಹತ್ತಿರ ಬಂದಿದೆ, ತಡ ಮಾಡಿದಷ್ಟೂ ನಿಮಗೇ ಕಷ್ಟ ಎಂದರು. ಯಾರ ಸಹಿ ಬೇಕು ಎಂದು ಕೇಳಿದರೆ, "ನಿಮ್ದ ಒಂದ ಸಾಕ್ರಿ" ಎಂದುಬಿಟ್ಟರು. ಮದುವೆಗೆ ನನ್ನನ್ನು ಯಾರೂ ಕೇಳಲಿಲ್ಲ, ಮಕ್ಕಳಿಗೂ ಕೇಳಲಿಲ್ಲ. ಇದೊಂದಕ್ಕೆ ನನ್ನ ಸಹಿ ಸಾಕಂತೆ. ಹೊರಗೆ ಬಂದು ಸಗೀರಾನ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಅವಳು, "ಅಳು, ಇಲ್ಲೇ ಎಲ್ಲಾ ಅತ್ತು ಮುಗಿಸು, ಬಸ್ಸಿನ್ಯಾಗ ಬ್ಯಾಡ" ಎಂದು ಬೈದಳು.

ನಿನ್ನ ಅಪ್ಪನ ಚಿಂತೆ ನಿನಗೆ ಬೇಡ. ಅವರಿಗೆ ಎಲ್ಲ ಹೇಳಿದ್ದೇನೆ. ಕಣದಲ್ಲಿ ಜೋಳ ತೂರುತ್ತಿದ್ದವರು ಮೊರ ಕೆಳಗಿಟ್ಟು, "ನೀ ಇದ್ರ ಮನಿ, ಇಲ್ಲಾಂದ್ರ ಇದೆಂಥಾ ಮನಿ. ಹೋಗಿ ಬಾ, ನಾ ಅದೀನಿ" ಎಂದರು. ರಾಶಿ ಬಿಟ್ಟು ಬರಲು ಆಗುವುದಿಲ್ಲವಲ್ಲ, ಅದಕ್ಕೆ ಸಗೀರಾನೇ ಜೊತೆಗೆ ಬರುತ್ತಾಳೆ.

ನಾಳೆ ಮುಂಜಾನೆಯ ಬಸ್ಸಿಗೆ ಹೊರಡುತ್ತೇನೆ. ಆಯಿಗೆ, ಸಗೀರಾನ ಅಣ್ಣನ ಮಗಳ ಮದುವೆ ಇದೆ, ಎರಡು ಮೂರು ದಿನ ಬಿಜಾಪುರದಲ್ಲಿ ಉಳಿಯುತ್ತೇನೆ ಎಂದಿದ್ದೇನೆ. ಉಳಿಯುವುದು ಆ ಅಣ್ಣನ ಮನೆಯಲ್ಲೇ, ಮದುವೆಯೊಂದು ಸುಳ್ಳು. ಆಯಿಗೆ ನಿಜ ಹೇಳುವ ಧೈರ್ಯ ನನಗಿಲ್ಲ. ಕೂಸು ತೆಗೆಸಿಕೊಂಡೆ ಎಂಬುದನ್ನು ಅವರು ಹೇಗೋ ತಾಳಿಕೊಂಡಾರು. ಬಸುರಿಯ ಕೈಯಿಂದ ಪಡ್ಡಲಗಿ ತುಂಬಿಸಿದೆ ಎಂದು ತಿಳಿದರೆ ಮಾತ್ರ ಆ ಜೀವ ಅನ್ನ ಬಿಡುತ್ತದೆ. ಎಲ್ಲವ್ವನಿಗೆ ನಾನೇ ಕೈಮುಗಿದು ತಪ್ಪಾಯಿತು ಎಂದಿದ್ದೇನೆ. ಅವಳೂ ಹೆತ್ತ ತಾಯಿ, ಅವಳಿಗೆ ತಿಳಿಯದೇ?

ಮನೆಯ ತಯಾರಿ ಎಲ್ಲ ಆಗಿದೆ. ಕಡಕ್ ರೊಟ್ಟಿ ಬಡಿದು ಬುಟ್ಟಿ ತುಂಬಿಸಿದ್ದೇನೆ, ಶೇಂಗಾ ಹಿಂಡಿ ಕುಟ್ಟಿಟ್ಟಿದ್ದೇನೆ. ಎಮ್ಮೆ ನೀಲಾನ ಕೈಗೆ ಹಾಲು ಇಳಿಸುವುದಿಲ್ಲ ಎಂದು ಒಂದು ವಾರದಿಂದ ನನ್ನ ಹಳೆಯ ಸೀರೆ ಉಡಿಸಿ ಅವಳಿಂದಲೇ ಕರೆಸುತ್ತಿದ್ದೇನೆ. ಎಮ್ಮೆ ಮೋಸ ಹೋಯಿತು, ಪಾಪ. ಮೆತ್ತಗಾದ ಎರಡು ಸೀರೆ ಹರಿದು, ಕುದಿಸಿ, ಯಾರಿಗೂ ಕಾಣದಂತೆ ಒಳಕೋಣೆಯಲ್ಲಿ ಒಣಗಿಸಿ ಚೀಲದಲ್ಲಿ ಇಟ್ಟುಕೊಂಡೆ. ಬಾಣಂತನಕ್ಕೆಂದು ನಿನಗೂ ಹೀಗೇ ಅರಿವೆ ಹರಿದಿಡಬೇಕು ಎಂದು ನೆನಪಾಗಿ ಅಲ್ಲೇ ಕುಕ್ಕರಿಸಿದೆ.

ತಯಾರಿ ಆಗದಿರುವುದು ಮನಸ್ಸು ಮಾತ್ರ. ಮೊನ್ನೆ ಕಣಕ್ಕೆ ಬುತ್ತಿ ಕೊಟ್ಟು ಬರುವಾಗ ಬೇವಿನ ಗಿಡದ ಕೆಳಗೆ ಕೂತು ಅದರ ಜೊತೆ ಮಾತಾಡಲು ನೋಡಿದೆ. ನನ್ನ ಮ್ಯಾಲೆ ಸಿಟ್ಟಾಗಬ್ಯಾಡ ಎಂದು ಶುರು ಮಾಡಿದೆ. ಅಪ್ಪಾ ಅನ್ನಬೇಕೋ ಅವ್ವಾ ಅನ್ನಬೇಕೋ ತಿಳಿಯಲಿಲ್ಲ. ಖಾಲಿ ಬುಟ್ಟಿ ಎತ್ತಿಕೊಂಡು ಮನೆಗೆ ನಡೆದೆ. ಸಗೀರಾಗೆ ಇದನ್ನು ಹೇಳಿದರೆ, ಹಾಗೆಲ್ಲ ಮಾತಾಡಿಸಬೇಡ, ಮಾತಾಡಿಸಿದರೆ ಬಿಟ್ಟು ಹೋಗಲು ನಿನಗೇ ಆಗುವುದಿಲ್ಲ ಎಂದಳು. ಅವಳು ಹೇಳಿದ್ದು ಖರೆ. ಅಂದಿನಿಂದ ನೀರು ಹಾಕಿಕೊಳ್ಳುವಾಗ ಕೂಡ ಹೊಟ್ಟೆಯ ಕಡೆ ನೋಡುವುದಿಲ್ಲ. ಪಾಪ ಮಾಡುತ್ತಿದ್ದೇನೆ ಎಂದು ಒಂದು ಗಳಿಗೆ ಅನಿಸುತ್ತದೆ. ಇನ್ನೊಂದು ಗಳಿಗೆ ಕಸ್ತೂರಿ ಬಂದು ಕೊರಳಿಗೆ ಜೋತು ಬೀಳುತ್ತಾಳೆ, ಆಗ ಅನಿಸುವುದಿಲ್ಲ.

ಈ ಕಾಗದ ಓದಿ ಓಡಿ ಬರುವ ಹುಚ್ಚು ಕೆಲಸ ಮಾಡಬೇಡ. ಬಸ್ಸಿನಲ್ಲಿ ಕುಲುಕಾಡಬಾರದು ನೀನು. ನಿನ್ನ ಗಂಡನಿಗೆ ಹೇಳಬೇಕೆನಿಸಿದರೆ ಹೇಳು, ಅವನು ತಿಳಿದವನು. ಅತ್ತೆಗೆ ಮಾತ್ರ, ಯುಗಾದಿಯಾದ ಮೇಲೆ ಅವ್ವ ಕುಬಸ ತರುತ್ತಾಳೆ ಎನ್ನು. ನನ್ನ ಮೈ ಸುಧಾರಿಸಿದ ಕೂಡಲೇ ಬಂದು ನಿನ್ನ ಉಡಿ ತುಂಬುತ್ತೇನೆ. ಹಾಲು ಕುಡಿ, ಭಾರ ಎತ್ತಬೇಡ, ಮೂರುಸಂಜೆಯಲ್ಲಿ ಅಳುತ್ತ ಕೂಡಬೇಡ. ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಆದರೆ ಒಂದು ಸಾಲು ಬರೆ.

ನಿನ್ನನ್ನು ಒಂದು ದಿನವೂ ಮರೆಯದ
ನಿನ್ನ ಅವ್ವ
ಸಿದ್ದಲಿಂಗವ್ವ

ತಾ.ಕ.: ಪಾಕೀಟು ಅಂಟಿಸಲು ಮನಸ್ಸು ಬರುತ್ತಿಲ್ಲ. ಮೇಲೆ ನಿನ್ನ ಅಪ್ಪನ ಬಗ್ಗೆ ಬರೆದದ್ದು ಸುಳ್ಳು. ಅವರಿಗೆ ಏನೂ ಗೊತ್ತಿಲ್ಲ. ಅವರಿಗೂ ಹೇಳಿದ್ದು ಮದುವೆಯ ಕಥೆಯೇ. ಬರಿಗೈಯಲ್ಲಿ ಹೋಗಬೇಡ ಎಂದು ಮದುಮಗಳಿಗೆ ನಿನ್ನೆ ಸಿಂದಗಿಯಿಂದ ಒಂದು ಖಣ ತಂದುಕೊಟ್ಟರು. ಕಣದಲ್ಲಿ ಆಡಿದರು ಎಂದು ಬರೆದೆನಲ್ಲ, ಆ ಮಾತು ಅವರ ಬಾಯಿಂದ ಕೇಳಬೇಕೆಂಬ ಆಸೆಗೆ ನಾನೇ ಬರೆದುಕೊಂಡದ್ದು. ಹೇಳಿದ್ದರೆ ಹಾಗೇ ಅನ್ನುತ್ತಿದ್ದರೇನೋ, ಒಳ್ಳೆಯ ಮನುಷ್ಯ. ಮೂರೂ ಹೆಣ್ಣು ಹುಟ್ಟಿದಾಗ ಒಂದು ದಿನ ಮುಖ ಸಣ್ಣದು ಮಾಡಲಿಲ್ಲ. ಆದರೆ ಮಗಳೇ, ಬಸುರು ಎಂದು ಕೇಳಿದ ಮೊದಲ ಗಳಿಗೆಯಲ್ಲಿ, ಈ ಸಲ ಗಂಡೇನೋ ಎಂದು ಅವರ ಮುಖ ಅರಳುತ್ತದೆ. ಅದನ್ನು ನೋಡಿದ ಮೇಲೆ ನಾನು ಬಸ್ಸು ಹತ್ತಲಾರೆ. ನಾನು ತಿರುಗಿ ಬಂದರೆ ಅವರಿಗೆ ಇದನ್ನು ಎಂದೂ ಹೇಳಬೇಡ. ಬಾರದಿದ್ದರೆ ನೀನೇ ಹೇಳಬೇಕು. ಸಗೀರಾ ಹೇಳಿದರೆ ತಪ್ಪೆಲ್ಲ ಅವಳ ತಲೆಗೆ ಬರುತ್ತದೆ. ನೀನು ಹೇಳಿದರೆ ಅವರು ಅತ್ತುಬಿಡುತ್ತಾರೆ, ಅಷ್ಟೇ.