ತಪ್ಪಿಸಿಕೊಂಡದ್ದರ ಬೆಂಕಿಪೊಟ್ಟಣ

ಫೆಬ್ರವರಿ 3

ಇವತ್ತು ಮ್ಯೂಸಿಯಮ್ಮಿನ ಹುಳದ ಡ್ರಾಯರುಗಳಿಗೆಲ್ಲ ನಾಫ್ತಲೀನ್ ಗುಳಿಗೆ ಬದಲಿಸಿದೆ. ಕೈಗೆ ಅಂಟಿದ ವಾಸನೆ ಸೋಪಿಗೂ ಹೋಗಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಮೂಗು ಮುಚ್ಚಿಕೊಂಡು ಎದ್ದುಹೋದಳು. ಒಳ್ಳೆಯದೇ ಆಯಿತು, ಸೀಟು ಅಗಲವಾಯಿತು.

ಮನೆಗೆ ಬಂದರೆ ಬಾಗಿಲ ಸಂದಿಯಲ್ಲಿ ಅಂಚೆಯವನ ಚೀಟಿ. ಹೊರದೇಶದ ಪಾರ್ಸೆಲ್, ಕಸ್ಟಮ್ಸ್‌ನಲ್ಲಿ ತಡೆದಿದ್ದಾರೆ, ಖುದ್ದಾಗಿ ಬರಬೇಕು. ಕಳಿಸಿದವರು — ತಮ್ಮನ ಹಡಗಿನ ಅಡುಗೆಯವನು.

ಹಾಗಾದರೆ ಮಾತು ಉಳಿಸಿಕೊಂಡ. ಫೋನಿನಲ್ಲಿ ಅಂದಿದ್ದ — "ಅಕ್ಕಾ, ಬಟ್ಟೆಬರೆ ಎಲ್ಲಾ ಕಂಪನಿಯವರು ಕಳಿಸ್ತಾರೆ. ಹುಳದ ಡಬ್ಬ ಮಾತ್ರ ಅವರ ಕೈಗೆ ಕೊಡಲ್ಲ. ಕಸ ಅಂತ ಎಸೆದುಬಿಡ್ತಾರೆ. ನಾನೇ ಜೋಪಾನವಾಗಿ ಕಟ್ಟಿ ಹಾಕ್ತೀನಿ."

ತಮ್ಮ ಹೋದದ್ದು ನವೆಂಬರಿನಲ್ಲಿ. ಎದೆನೋವು. ಹಡಗು ನಡುಸಮುದ್ರದಲ್ಲಿತ್ತು. ಯಾವುದೋ ಬಂದರಿನಲ್ಲಿ ಇಳಿಸಿ ಅಲ್ಲಿಯೇ ಮುಗಿಸಿದರು. ನಾನು ಮುಖ ನೋಡಲಿಲ್ಲ.

ಫೆಬ್ರವರಿ 4

ನಿದ್ದೆ ಸರಿಯಾಗಿ ಬರಲಿಲ್ಲ. ಫ್ರೀಜರ್ ಖಾಲಿ ಮಾಡಿ ಒರೆಸಿಟ್ಟೆ.

ಪದ್ಧತಿ ಅದು. ಹೊರಗಿನಿಂದ ಬಂದ ಹುಳ ಯಾವುದೇ ಆಗಲಿ, ಎರಡು ವಾರ ಫ್ರೀಜರಿನಲ್ಲಿ ಇಟ್ಟೇ ತೆರೆಯಬೇಕು. ಜೊತೆಗೆ ಬಂದ ಮರಿ, ಮೊಟ್ಟೆ ಏನಿದ್ದರೂ ಸಾಯುತ್ತದೆ. ಇಲ್ಲದಿದ್ದರೆ ಒಂದೇ ಮರಿ ಇಡೀ ಡ್ರಾಯರನ್ನು ತಿಂದು ಪುಡಿ ಮಾಡುತ್ತದೆ. ತಮ್ಮನ ಪಾರ್ಸೆಲ್ ಫ್ರೀಜರಿನಲ್ಲಿರುವ ಆ ಎರಡು ವಾರ ನನಗೆ ಒಂಥರಾ ಸುಖ. ಮನೆಗೆ ಯಾರೋ ಬಂದಿದ್ದಾರೆ, ಇನ್ನೂ ಎದ್ದಿಲ್ಲ, ಅನ್ನಿಸುತ್ತದೆ.

ಅವನು ಹಡಗಿನ ಎಲೆಕ್ಟ್ರಿಷಿಯನ್. ಬಂದರು ಹತ್ತಿರವಾದರೆ ಡೆಕ್ಕಿನ ದೀಪಗಳಿಗೆ ಹುಳ ಮುತ್ತುತ್ತವಂತೆ. ಹಿಡಿದು, ಒಣಗಿಸಿ, ಖಾಲಿ ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಮಲಗಿಸುತ್ತಿದ್ದ. ಮೇಲೆ ಊರು, ತಾರೀಕು, ಯಾವ ದೀಪ. ಓದಿದವನಲ್ಲ, ಆದರೆ ಹುಳದ ಒಂದು ಮೀಸೆಯೂ ಮುರಿಯುತ್ತಿರಲಿಲ್ಲ. ಚಿಕ್ಕಂದಿನಲ್ಲೂ ಹಾಗೇ. ಬೀದಿದೀಪದ ಕಂಬ ಹತ್ತುತ್ತಿದ್ದ, ನಾನು ಕೆಳಗೆ ಅವನ ಕಾಲು ಹಿಡಿದುಕೊಂಡು ನಿಲ್ಲುತ್ತಿದ್ದೆ.

ಪ್ರತಿ ಪಾರ್ಸೆಲ್ಲಿನಲ್ಲೂ ಒಂದು ಪೊಟ್ಟಣ ಖಾಲಿ. ಒಳಗೆ ಚೀಟಿ — "ಇದು ತಪ್ಪಿಸಿಕೊಂಡಿತು." ಒಮ್ಮೆ — "ತಪ್ಪಿಸಿಕೊಂಡಿತು. ನಿನ್ನ ಸೂಜಿ ಸುದ್ದಿ ಅದಕ್ಕೂ ಗೊತ್ತಾಗಿದೆ." ಹುಳಕ್ಕೆ ಸೂಜಿ ಚುಚ್ಚಿಡುವುದು ನನ್ನ ಕೆಲಸ ಅಂತ. ಕತ್ತೆ. ಐವತ್ತು ದಾಟಿದರೂ ಹುಡುಗಾಟ ಬಿಡಲಿಲ್ಲ.

ಫೆಬ್ರವರಿ 6

ಕಸ್ಟಮ್ಸ್. ಉದ್ದನೆಯ ಹಾಲ್, ಒಂದೇ ಫ್ಯಾನು, ಅದೂ ಗುಮಾಸ್ತರ ತಲೆಯ ಮೇಲೆ.

"ಒಳಗೇನಿದೆ?"

"ಸತ್ತ ಹುಳ."

"ಸತ್ತಿದ್ದನ್ನ ಯಾಕ್ರೀ ತರಿಸ್ತೀರಿ?"

"ಬದುಕಿದ್ದನ್ನ ತರಿಸೋಕೆ ನೀವು ಬಿಡಲ್ವಲ್ಲ."

ನಗಲಿಲ್ಲ. ಎಕ್ಸ್‌ರೇಯಲ್ಲಿ ಬೆಂಕಿಪೊಟ್ಟಣ ಕಂಡಿವೆಯಂತೆ. ಬೆಂಕಿಪೊಟ್ಟಣ ಅಂಚೆಯಲ್ಲಿ ಬರುವಂತಿಲ್ಲ. ಒಳಗೆ ಕಡ್ಡಿ ಇಲ್ಲ ಸ್ವಾಮಿ, ಹುಳ ಇವೆ ಅಂದೆ. ಹುಳಕ್ಕೆ ಬೇರೆ ಕೌಂಟರ್ ಅಂದರು. ಅಲ್ಲಿ ಹೋದರೆ ಊಟದ ಸಮಯ. ಊಟವಾದ ಮೇಲೆ ಮೀಟಿಂಗ್. ದೇವರು ಕೊಟ್ಟರೂ ಪೂಜಾರಿ ಕೊಡ.

ಗಾಜಿನಾಚೆ ರಾಕಿನಲ್ಲಿ ಪೆಟ್ಟಿಗೆ ಕಂಡಿತು. ಅದೇ ಇರಬೇಕು, ಹಸಿರು ದಾರ ಸುತ್ತಿತ್ತು. ಬಸ್ ಸ್ಟಾಪಿನಲ್ಲಿ ಸುಮ್ಮನೆ ಅಳು ಬಂತು. ಅಲ್ಲೇ ಇದೆ, ಹತ್ತು ಹೆಜ್ಜೆ ದೂರದಲ್ಲಿ, ಮುಟ್ಟುವಂತಿಲ್ಲ.

ಫೆಬ್ರವರಿ 19

ಮೂರನೆಯ ಸಲ ಹೋಗಿ ಬಂದೆ. ಈಗ ವಿಷಯ ಕ್ವಾರಂಟೈನ್ ವಿಭಾಗಕ್ಕೆ ಬಿದ್ದಿದೆ. ಅಲ್ಲೊಬ್ಬರು ಮೇಡಂ. ಕನ್ನಡಕ ದಾರದಲ್ಲಿ ನೇತಾಡುತ್ತದೆ, ಮಾತು ತೂಕದಲ್ಲಿ ಬರುತ್ತದೆ. ಪೆಟ್ಟಿಗೆ ತೆರೆಸಿದ್ದಾರೆ.

"ಒಣಗಿದ ಸತ್ತ ಕೀಟ ಅಂತ ಬರೆದಿದೆ. ಬನ್ನಿ, ನೋಡಿ."

ನೋಡಿದೆ. ಪೊಟ್ಟಣಗಳ ಸುತ್ತ, ಸಂದುಗೊಂದಿಯಲ್ಲೆಲ್ಲ, ಅಕ್ಕಿ. ಪೆಟ್ಟಿಗೆ ತುಂಬ ಅಕ್ಕಿ. ಅದರ ಮೇಲೆ ಕಪ್ಪು ಹುಳಗಳು ಓಡಾಡುತ್ತಿವೆ. ಜೀವಂತ. ಯಾರದೇ ಅಡುಗೆಮನೆಯಲ್ಲಿರುವ ಅಕ್ಕಿ ಹುಳ.

"ಕಾಳು ತರೋ ಹಾಗಿಲ್ಲ. ಬದುಕಿರೋ ಹುಳ ಮೊದಲೇ ಇಲ್ಲ. ವಾಪಸ್ ಕಳಿಸ್ಬೇಕು, ಇಲ್ಲಾ ಸುಡಬೇಕು. ತಿಂಗಳ ಕೊನೆವರೆಗೆ ಟೈಮ್ ಇದೆ."

ವಾಪಸ್ ಎಲ್ಲಿಗೆ? ಹಡಗಿಗೆ ಮನೆ ನಂಬರ್ ಇದೆಯೇ?

ಸಂಜೆ ಅಡುಗೆಯವನಿಗೆ ಫೋನ್ ಸಿಕ್ಕಿತು. ಹಿಂದೆ ಪಾತ್ರೆ ಸದ್ದು. "ಉಪ್ಪಿನ ಡಬ್ಬಿಗೆ ಅಕ್ಕಿ ಹಾಕಿಡ್ತೀವಲ್ಲ ಅಕ್ಕಾ, ತೇವ ಹಿಡೀದೇ ಇರ್ಲಿ ಅಂತ. ಅವನು ಯಾವಾಗ್ಲೂ ಅನ್ನೋನು, ತೇವ ಆದ್ರೆ ಹುಳ ಹಾಳು ಅಂತ. ಅದಕ್ಕೇ... ಒಳ್ಳೆ ಅಕ್ಕೀನೇ ಹಾಕ್ದೆ."

ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಒಳ್ಳೆ ಅಕ್ಕಿ ಹಾಕಿದ್ದಾನೆ. ತಮ್ಮನಿಗಾಗಿ. ತಲುಪಿತಾ ಅಂತ ಕೇಳಿದ. ತಲುಪಿತಪ್ಪಾ ಅಂದೆ.

ಫೆಬ್ರವರಿ 23

ಮುಖ್ಯಸ್ಥರ ಕೋಣೆ. ಮ್ಯೂಸಿಯಮ್ಮಿನಲ್ಲಿ ನನ್ನ ಸರ್ವೀಸಿನಷ್ಟು ವಯಸ್ಸೂ ಅವರಿಗಿಲ್ಲ, ಆದರೂ "ಏನಮ್ಮಾ" ಅನ್ನುತ್ತಾರೆ. ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡರು.

ಸಂಸ್ಥೆಯಿಂದ ಪತ್ರ ಹೋದರೆ ಮೇಡಂ ಅಕ್ಕಿ ಮಾತ್ರ ಸುಟ್ಟು ಹುಳ ಬಿಡಬಹುದಂತೆ. ಅಧ್ಯಯನದ ಮಾದರಿ ಅಂತ.

"ವೈಯಕ್ತಿಕ ಅಂದ್ರೆ ನಾನು ಸಹಿ ಹಾಕೋ ಹಾಗಿಲ್ಲಮ್ಮ. ಮ್ಯೂಸಿಯಂಗೆ ಸೇರುತ್ತೆ ಅಂದ್ರೆ ಇವತ್ತೇ ಹಾಕ್ತೀನಿ. ಆಮೇಲೆ ಅದು ನಿಮ್ಮದಲ್ಲ, ಅಷ್ಟೇ. ಯೋಚನೆ ಮಾಡಿ."

ಇಷ್ಟು ವರ್ಷ ಬಂದದ್ದೆಲ್ಲ ಮನೆಯ ಕಪಾಟಿನಲ್ಲಿದೆ. ಇದೊಂದು ಮಾತ್ರ ಮ್ಯೂಸಿಯಮ್ಮಿನ ಬೀಗದೊಳಗೆ. ಬರುವ ವರ್ಷ ನನ್ನ ನಿವೃತ್ತಿ. ಆಮೇಲೆ ತಮ್ಮನ ಹುಳ ನೋಡಲು ಅರ್ಜಿ ಬರೆದು ಬಾಗಿಲಲ್ಲಿ ನಿಲ್ಲಬೇಕು, ಶಾಲೆ ಮಕ್ಕಳ ಸಾಲಿನ ಹಿಂದೆ.

ಯೋಚನೆ ಮಾಡಿ ಅಂದರು. ಯಾರ ಹತ್ತಿರ ಮಾತಾಡಿ ಯೋಚನೆ ಮಾಡಲಿ? ಇಂಥದ್ದನ್ನೆಲ್ಲ ಕೇಳುತ್ತಿದ್ದದ್ದು ಅವನನ್ನೇ.

ಫೆಬ್ರವರಿ 24

ಪತ್ರ ಟೈಪ್ ಮಾಡಿಸಿದೆ. ಮ್ಯೂಸಿಯಂಗೆ ಅಂತಲೇ. ಬೂದಿಯಾಗುವುದಕ್ಕಿಂತ ಬೀಗ ವಾಸಿ.

ಫೆಬ್ರವರಿ 27

ಬೀಸುವ ದೊಣ್ಣೆ ತಪ್ಪಿತು!

ಮೇಡಂ ಪತ್ರ ಎರಡು ಸಲ ಓದಿದರು. ನೌಕರ ರಜೆ, ಅಕ್ಕಿ ಬೇರೆ ಮಾಡುವವರು ಯಾರೂ ಇಲ್ಲ, ನಾಳಿದ್ದು ಬನ್ನಿ ಅಂದರು. ನಾಳಿದ್ದು ಅಂದರೆ ಗಡುವು ಮುಗಿದಿರುತ್ತದೆ. ನಾನೇ ಆರಿಸಿಕೊಡ್ತೀನಿ ಮೇಡಂ ಅಂದೆ. ಅವರು ಬಾಗಿಲು ಹಾಕಿ, ಬಳೆ ಮೇಲೇರಿಸಿಕೊಂಡು ತಾವೂ ಕೂತರು.

ದೊಡ್ಡ ಬಿಳಿ ಟ್ರೇ. ಈ ಕಡೆ ನಾನು, ಆ ಕಡೆ ಅವರು. ಪೊಟ್ಟಣ ತೆಗೆದು, ಬ್ರಷ್ಷಿನಿಂದ ಒರೆಸಿ, ದೀಪಕ್ಕೆ ಹಿಡಿದು ನೋಡಿ, ಚೀಲಕ್ಕೆ. ಅಕ್ಕಿ ಬಕೆಟ್ಟಿಗೆ.

"ನಮ್ಮಮ್ಮ ಅಕ್ಕಿ ಆರಿಸೋಕೆ ಕೂರಿಸಿದ್ರೆ ನಾನು ಓಡಿಹೋಗ್ತಿದ್ದೆ," ಅಂದರು ಮೇಡಂ. "ಈಗ ನೋಡಿ. ಸಂಬಳ ತಗೊಂಡು ಆರಿಸ್ತಾ ಇದೀನಿ."

"ಲೋಕದಲ್ಲಿ ಎಲ್ಲರೂ ಹುಳ ಬಿಸಾಡಿ ಅಕ್ಕಿ ಇಟ್ಕೋತಾರೆ ಮೇಡಂ. ನಾವೇ ಉಲ್ಟಾ."

ಜೋರಾಗಿ ನಕ್ಕರು. ನಾನೂ ನಕ್ಕೆ. ನವೆಂಬರಿನಿಂದ ಯಾರ ಜೊತೆಗೂ ನಕ್ಕಿರಲಿಲ್ಲ ಅಂತ ಆಮೇಲೆ ಹೊಳೆಯಿತು.

ಸ್ಯಾಂಪಲ್ಲಿಗೆ ಎರಡು ಪೊಟ್ಟಣ ತೆರೆಯಬೇಕು ಅಂದಾಗ ಮಾತ್ರ ಜೀವ ಬಾಯಿಗೆ ಬಂತು. ಖಾಲಿಯದು ಸಿಕ್ಕರೆ? "ಇದು ತಪ್ಪಿಸಿಕೊಂಡಿತು" ಅನ್ನುವ ಚೀಟಿ ಕ್ವಾರಂಟೈನ್ ಅಧಿಕಾರಿಯ ಕೈಗೆ! ಕಟ್ಟಡದ ಕಿಟಕಿಯೆಲ್ಲ ಮುಚ್ಚಿಸಿ ಹುಡುಕಿಸುತ್ತಿದ್ದರು. ಪುಣ್ಯಕ್ಕೆ ಒಂದರಲ್ಲಿ ಕಂದು ಪತಂಗ, ಇನ್ನೊಂದರಲ್ಲಿ ಜೀರುಂಡೆ. ಎರಡೂ ಸತ್ತು ಸೆಟೆದಿದ್ದವು. ಸಾಕು ಅಂದರು.

ಮೊಹರು ಒತ್ತುವಾಗ ಕೇಳಿದರು, "ಯಾರು ಹಿಡಿದಿದ್ದು?"

"ತಮ್ಮ."

"ಒಳ್ಳೆ ಕೈ. ಮುಂದಿನ ಸಲ ಅಕ್ಕಿ ಹಾಕಬೇಡ ಅಂತ ಹೇಳಿ."

ಹೇಳ್ತೀನಿ ಮೇಡಂ ಅಂದೆ.

ಫೆಬ್ರವರಿ 28

ಚೀಲ ಫ್ರೀಜರಿನಲ್ಲಿ. ಮ್ಯೂಸಿಯಮ್ಮಿನ ಫ್ರೀಜರ್ ಕೆಟ್ಟು ಕೂತಿದೆ, ಮನೆಯಲ್ಲೇ ಇಡಿ ಅಂದರು ಮುಖ್ಯಸ್ಥರು. ಅಡುಗೆ ಮಾಡುತ್ತಾ ಎರಡು ಸಲ ಬಾಗಿಲು ತೆಗೆದು ನೋಡಿದೆ. ಇದೆ.

ಮಾರ್ಚ್ 17

"ಏನಮ್ಮಾ, ಎರಡು ವಾರ ಆಯ್ತಲ್ಲ?"

"ಅಕ್ಕಿ ಹುಳ ಗಟ್ಟಿ ಜೀವ ಸರ್. ಇನ್ನೊಂದು ವಾರ ಇರ್ಲಿ."

ಸುಳ್ಳು. ಯಾವತ್ತೋ ಸತ್ತಿರುತ್ತವೆ.

ಏಪ್ರಿಲ್ 2

"ಇನ್ನೂ ಸತ್ತಿಲ್ವೇನಮ್ಮ ಆ ಹುಳಗಳು?" ಪಕ್ಕದ ಮೇಜಿನವರು ನಕ್ಕರು. ಸೋಮವಾರ ತರ್ತೀನಿ ಅಂದೆ.

ಇಲ್ಲಿ ಬರೆಯಬಹುದು, ಯಾರು ಓದುತ್ತಾರೆ. ತೆರೆಯಲು ಮನಸ್ಸಿಲ್ಲ. ತೆರೆಯದೆ ಇರುವವರೆಗೆ ತಮ್ಮನಿಂದ ಬರಬೇಕಾದದ್ದು ಇನ್ನೂ ಒಂದಿದೆ. ತೆರೆದರೆ ಮುಗಿಯಿತು. ಇನ್ನು ಬಾಗಿಲ ಸಂದಿಯಲ್ಲಿ ಕರೆಂಟು ಬಿಲ್ಲು ಮಾತ್ರ.

ಏಪ್ರಿಲ್ 5, ಭಾನುವಾರ, ಬೆಳಿಗ್ಗೆ

ಕರೆಂಟಿಲ್ಲ. ರಾತ್ರಿಯೇ ಹೋಗಿದೆ. ಟ್ರಾನ್ಸ್‌ಫಾರ್ಮರ್ ಸುಟ್ಟಿದೆಯಂತೆ, ಸಂಜೆಯಾಗಬಹುದು, ನಾಳೆಯೂ ಆಗಬಹುದು — ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದ ಲೈನ್‌ಮನ್. ಎಲೆಕ್ಟ್ರಿಷಿಯನ್ನಿನ ಅಕ್ಕನ ಮನೆಗೆ ಕರೆಂಟಿಲ್ಲ. ಅವನಿದ್ದಿದ್ದರೆ ಒಂದು ವಾರ ರೇಗಿಸುತ್ತಿದ್ದ.

ಫ್ರಿಜ್ಜಿನ ಕೆಳಗೆ ನೀರು.

ಮಧ್ಯಾಹ್ನ

ಚೀಲ ಹೊರಗೆ ತೆಗೆದೆ. ಒಳಗೆ ಹನಿ ಕಟ್ಟಿದೆ, ಪೊಟ್ಟಣಗಳ ಮೂಲೆ ಮೆತ್ತಗಾಗಿವೆ. ಹೀಗೇ ಬಿಟ್ಟರೆ ಬೂಷ್ಟು. ಬೆಂಕಿ ತಪ್ಪಿಸಿ ತಂದದ್ದನ್ನು ನೀರಿಗೆ ಕೊಡಲೇ? ಒಂದೊಂದಾಗಿ ತೆರೆದು ಕಿಟಕಿಯ ಹತ್ತಿರ ಒಣಗಲು ಹರಡಬೇಕು. ಬೇರೆ ದಾರಿ ಇಲ್ಲ.

ಸಂಜೆ

ಎಲ್ಲವೂ ಚೆನ್ನಾಗಿವೆ. ಒಂದು ಪತಂಗದ ರೆಕ್ಕೆ ಮಾತ್ರ ಹತ್ತಿಗೆ ಅಂಟಿದೆ, ಬಿಡಿಸಬಹುದು. ಮುಚ್ಚಳದ ಮೇಲೆ ಅವನ ದುಂಡು ಅಕ್ಷರ. "ಹಿಂದಿನ ಡೆಕ್, ಹಳದಿ ಬಲ್ಬು." "ಮೆಟ್ಟಿಲ ಬಳಿ, ಟ್ಯೂಬ್ ಲೈಟು, ಗಾಳಿ ಜಾಸ್ತಿ." "ಅಡುಗೆಮನೆ. ಅಡುಗೆಯವನ ಸಾರಿನಲ್ಲಿ ಬಿದ್ದಿತ್ತು, ತೊಳೆದಿದ್ದೇನೆ." ಒಬ್ಬಳೇ ನಕ್ಕೆ. ಯಾವುದೂ ಅಪರೂಪದ್ದಲ್ಲ. ಮ್ಯೂಸಿಯಮ್ಮಿನಲ್ಲಿ ಇಂಥವು ಬೇಕಾದಷ್ಟಿವೆ.

ಖಾಲಿ ಪೊಟ್ಟಣ ಸಿಗಲಿಲ್ಲ.

ಮತ್ತೆ ನೋಡಿದೆ. ಚೀಲ ಕೊಡವಿದೆ. ಎಲ್ಲದರಲ್ಲೂ ಹುಳ ಇದೆ. ಖಾಲಿಯದು ಇಲ್ಲ. ಮೇಡಂ ಹತ್ತಿರ ಉಳಿದಿರಬಹುದೇ ಅಂದುಕೊಂಡೆ. ಇಲ್ಲ, ಕೊನೆಗೆ ನಾನೇ ಎಲ್ಲವನ್ನೂ ಎಣಿಸಿ ಚೀಲ ಕಟ್ಟಿದ್ದು. ಆಮೇಲೆ ಅರ್ಥವಾಯಿತು. ಆ ಪೊಟ್ಟಣ ಅವನು ಕೊನೆಗೆ, ಪಾರ್ಸೆಲ್ ಕಟ್ಟುವ ದಿನ ಮಾಡುತ್ತಿದ್ದದ್ದು. ಈ ಸಲ ಕಟ್ಟಿದ್ದು ಅವನಲ್ಲ.

ನಾಳೆ ಎಲ್ಲ ಕೊಟ್ಟುಬಿಡುತ್ತೇನೆ. ಒಂದನ್ನೂ ಇಟ್ಟುಕೊಳ್ಳುವುದಿಲ್ಲ. ಒಂದನ್ನು ಸೇರಿಸುತ್ತೇನೆ.

ಒಲೆಯ ಪಕ್ಕದ ಬೆಂಕಿಪೊಟ್ಟಣದಿಂದ ಕಡ್ಡಿಗಳನ್ನು ಲೋಟಕ್ಕೆ ಸುರಿದೆ. ಹತ್ತಿ ಹಾಸಿದೆ. ಮ್ಯೂಸಿಯಮ್ಮಿನ ಲೇಬಲ್ ಕಾಗದ, ಸಣ್ಣ ನಿಬ್ಬು. ಬೆಳಕು ಕಡಿಮೆಯಾಗುತ್ತಿದೆ, ಬೇಗ ಬರೆಯಬೇಕು.

ಸ್ಥಳ: ನಡುಸಮುದ್ರ, ದೀಪದ ಕೆಳಗೆ.

ತಿಂಗಳು: ನವೆಂಬರ್.

ಷರಾ: ಇದು ತಪ್ಪಿಸಿಕೊಂಡಿತು.

ಕೊನೆಯ ಸಾಲು, ಹುಳ ಹಿಡಿದವರ ಹೆಸರು, ಖಾಲಿ ಬಿಡುವಂತಿಲ್ಲ. ಇಷ್ಟು ವರ್ಷ ಹೊಸಬರಿಗೆಲ್ಲ ನಾನೇ ಹೇಳಿಕೊಟ್ಟ ನಿಯಮ.

ಹಿಡಿದವರು —