ಕುರಿಗಳು ಮಲಗಿದ್ದ ಸುರಂಗ

ಅಣ್ಣಾ,

ಸಂಜೆ ಏಳು ಗಂಟೆ, ಬಿಸಿಲು ಇನ್ನೂ ಬೆಟ್ಟದ ಮೇಲೆಯೇ ಕುಳಿತಿದೆ. ನಾನೂ ನಾದಿನಿ ತೂರಿಡಳೂ ಫಿಯೋರ್ಡಿನ ಕಡಲದಡದಿಂದ ಹೊರಟು ಘಟ್ಟ ಹತ್ತಿ ಬಂದೆವು. ನನ್ನ ಗಂಡ ಸಿಗ್ವಾರ್ಟ್ ಬದುಕಿದ್ದಾಗ ಈ ದಾರಿಯಲ್ಲಿ ನಾನು ಸ್ಟಿಯರಿಂಗ್ ಮುಟ್ಟಿದವಳಲ್ಲ. "ಅವನೇ ಇಲ್ಲ, ಕಾರು ಯಾಕೆ? ಮಾರ್ಬಿಡು" ಎಂದಿದ್ದೆಯಲ್ಲ, ಘಟ್ಟ ಹತ್ತಿಸಲಾಗದಿದ್ದರೆ ಮಾರುತ್ತೇನೆಂದು ನಾನೂ ಒಪ್ಪಿದ್ದೆ.

ಸೆಕೆಗೆ ಕುರಿಗಳೆಲ್ಲ ಒಂದೇ ಗಾಡಿ ಹಿಡಿಸುವ ಸುರಂಗದೊಳಗೆ ತಂಪಾಗಿ ಮಲಗಿದ್ದವು. ಅವುಗಳ ನಡುವೆ ನುಸುಳುತ್ತಿದ್ದಾಗ ಎದುರಿಗೆ ಬಸ್ಸು ಬಂತು. ದಾರಿ ಬಿಡುವ ಜಾಗ ನನ್ನ ಹಿಂದೆಯೇ ಇದ್ದುದರಿಂದ ಹಿಂದೆ ಸರಿಯುವ ಪಾಳಿ ನನ್ನದಾಯಿತು. ತೂರಿಡ್ ಇಳಿದು ಕುರಿಗಳನ್ನು ಎಬ್ಬಿಸುತ್ತ, "ಬಾ ಅತ್ತಿಗೆ, ಬಾ! ಗೋಡೆ ಪಕ್ಕಕ್ಕೆ ಸರಿಯೋದಿಲ್ಲ, ನೀನೇ ಸರೀಬೇಕು!" ಎಂದು ಕೂಗಿದಳು. ಬಸ್ಸಿನವನು ತಲೆ ಹೊರಗೆ ಹಾಕಿ, "ಅವಸರ ಇಲ್ಲಮ್ಮ, ನನ್ನ ನಿವೃತ್ತಿಗೆ ಇನ್ನೂ ಎರಡು ವರ್ಷ ಇದೆ" ಎಂದ.

ಅಂತೂ ಹಿಂದೆ ಬಂದೆ. ಒಂದು ಕನ್ನಡಿ ಹೋಯಿತು, ಕುರಿಗಳೆಲ್ಲ ಕ್ಷೇಮ. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ಪಕ್ಕದ ಸೀಟಿನತ್ತ ತಿರುಗಿ, "ನೋಡಿದ್ಯಾ ಸಿಗ್ವಾರ್ಟ್?" ಎಂದುಬಿಟ್ಟೆ. ಅಲ್ಲಿ ತೂರಿಡಳ ಟೋಪಿ ಮಾತ್ರ ಇತ್ತು.

ಕ್ಲಚ್ಚು ತುಳಿದು ತುಳಿದು ಎಡಗಾಲು ಊದಿದೆ, ಉಳಿದಂತೆ ಆರೋಗ್ಯವಾಗಿದ್ದೇನೆ. ಕಾರು ನೋಡಲು ಬರುವವನಿಗೆ ಬರುವುದು ಬೇಡವೆಂದು ಹೇಳಿಬಿಡು. ಈ ಹಾಳೆಯಲ್ಲಿ ಇನ್ನು ಬರೆಯಲು ಜಾಗವಿಲ್ಲ. ನಾಳೆ ಇಳಿಯುವ ದಾರಿ, ಓಡಿಸುವವಳು ನಾನೇ.

ನಿನ್ನ ತಂಗಿ ಗುಡ್ನಿ